ವಾಂತಿ ನಿಂತಿದೆ, ಮಗು ಇನ್ನೂ ಮಿಸುಕಿಲ್ಲ. 15ನೇ ವಾರದ ಆಸುಪಾಸಿನಲ್ಲಿ ಯಾರಿದ್ದೀರಿ?

ಮಲ್ಲಿಗೆಬಳ್ಳಿ (ತುಮಕೂರು, 15ನೇ ವಾರ)

ಎಲ್ಲರಿಗೂ ನಮಸ್ಕಾರ. ಇದು ನನ್ನ ಎರಡನೇ ಬಸಿರು. ಮೊದಲನೆಯದು ಹೋದ ವರ್ಷ 9ನೇ ವಾರದಲ್ಲಿ ನಿಲ್ಲಲಿಲ್ಲ. ಅದಕ್ಕೇ ಈ ಸಲ ಮೂರು ತಿಂಗಳು ತುಂಬುವವರೆಗೆ ಅಮ್ಮ, ಅತ್ತೆ, ನಮ್ಮ ಯಜಮಾನರು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಆ ಮೂರು ತಿಂಗಳು ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಸಾಸಿವೆ ಸಿಡಿಯುವ ಸದ್ದು ಕೇಳಿದರೆ ಸಾಕು, ಬಚ್ಚಲಿಗೆ ಓಡುತ್ತಿದ್ದೆ. ಅತ್ತೆ ಪಾಪ ಒಂದು ತಿಂಗಳು ಒಗ್ಗರಣೆ ಇಲ್ಲದೆ ಸಾರು ಮಾಡಿದರು. ಮಾವನವರೂ ಒಂದು ಮಾತು ಆಡದೆ ಅದನ್ನೇ ಉಂಡರು. 13ನೇ ವಾರದಲ್ಲಿ ಒಂದು ದಿನ ಬೆಳಗ್ಗೆ ಎದ್ದೆ, ಸಂಕಟವೇ ಇಲ್ಲ. ಎರಡು ದೋಸೆ ತಿಂದು ಮೂರನೆಯದು ಕೇಳಿದೆ.

ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಭಯ ಹತ್ತಿಕೊಂಡಿತು. ವಾಂತಿ ಆಗುತ್ತಿದ್ದಾಗ ಒಳಗೆ ಮಗು ಇದೆ ಅಂತ ಗೊತ್ತಾಗುತ್ತಿತ್ತು. ಈಗ ವಾಂತಿಯೂ ಇಲ್ಲ, ಹೊಟ್ಟೆಯೂ ಕಾಣಲ್ಲ, ಮಗು ಮಿಸುಕುವುದೂ ಗೊತ್ತಾಗಲ್ಲ. ಎಲ್ಲ ಸರಿ ಇದೆ ಅಂತ ಯಾವುದನ್ನು ನೋಡಿ ತಿಳಿಯಲಿ? 12ನೇ ವಾರದ ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂಭಾಗ ಅಳೆದು ನೋಡುವುದು) ಚೆನ್ನಾಗಿತ್ತು. ಮುಂದಿನ ಸ್ಕ್ಯಾನ್ 19ನೇ ವಾರಕ್ಕೆ ಬರೆದಿದ್ದಾರೆ. ನಡುರಾತ್ರಿ ಎದ್ದು ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತೇನೆ. ಇನ್ನೂ ನಾಲ್ಕು ವಾರ ಹೀಗೇ ಇರಬೇಕಲ್ಲ ಅಂತ ಅಳು ಬರುತ್ತದೆ. ಈ ವಾರಗಳನ್ನು ದಾಟಿದವರು, ದಾಟುತ್ತಿರುವವರು ಸ್ವಲ್ಪ ಹೇಳ್ತೀರಾ?

ಶೇಂಗಾಉಂಡಿ (ಧಾರವಾಡ, ಇಬ್ಬರು ಮಕ್ಕಳು)

ತಂಗಿ, ಒಬ್ಬಳೇ ಕೂತು ಅಳಬೇಡ. ಮೊದಲನೇ ಸಲ ನನಗೂ ಹೀಗೇ ಆಗಿತ್ತು. ವಾಂತಿ ನಿಂತ ಕೂಡಲೇ ಅವ್ವನಿಗೆ ಫೋನ್ ಮಾಡಿ ಅತ್ತುಬಿಟ್ಟಿದ್ದೆ.

ಮಿಸುಕುವುದರ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಚೊಚ್ಚಲಲ್ಲಿ ನನಗೆ ಗೊತ್ತಾಗಿದ್ದು 20ನೇ ವಾರ. ಎಲ್ಲರೂ ಒದೆಯುತ್ತದೆ, ಒದೆಯುತ್ತದೆ ಅಂತಿದ್ದರು. ಒದ್ದ ಹಾಗೆ ನನಗೆ ಅನಿಸಲೇ ಇಲ್ಲ. ತುಂಬಿದ ಕೊಡದಲ್ಲಿ ಗುಳ್ಳೆ ಎದ್ದಂಗೆ ಬುಳುಬುಳು ಅಂತಿತ್ತು. ಗ್ಯಾಸ್ ಇರಬೇಕು ಅಂತ ಎರಡು ದಿನ ಜೀರಿಗೆ ನೀರು ಕುಡಿದೆ. ಮೂರನೇ ದಿನ ರಾತ್ರಿ ಮಗ್ಗುಲಾಗಿ ಮಲಗಿದ್ದಾಗ ಅದೇ ಜಾಗದಲ್ಲಿ ಮತ್ತೆ ಆಯಿತು. ಆಗ ತಿಳಿಯಿತು. ಎರಡನೇ ಸಲ 16 ಮುಗಿಯುವಷ್ಟರಲ್ಲೇ ಗುರುತು ಸಿಕ್ಕಿತು, ಯಾಕಂದರೆ ಆ ಗುಳ್ಳೆ ಏನು ಅಂತ ಗೊತ್ತಿತ್ತು.

ನಿನಗಿನ್ನೂ 15. ಈಗ ಹಸಿವು ಬಂದಿದೆಯಲ್ಲ, ಚೆನ್ನಾಗಿ ಊಟ ಮಾಡು. ನಮ್ಮ ಕಡೆ ಐದನೇ ತಿಂಗಳಲ್ಲಿ ಕುಬಸ ಮಾಡುತ್ತಾರೆ. ಹಸಿರು ಸೀರೆ, ಹಸಿರು ಬಳೆ, ಐದಾರು ತರಹದ ಉಂಡಿ. ನಮ್ಮವ್ವ ಡಬ್ಬಿಗಟ್ಟಲೆ ಶೇಂಗಾ ಉಂಡಿ ಕಟ್ಟಿಕೊಂಡು ಬಂದಿದ್ದಳು. ಸಂಜೆ ನಾಲ್ಕಕ್ಕೆ ಕೈಕಾಲು ನಡುಗುವ ಹಸಿವಿಗೆ ಅದರಷ್ಟು ಒಳ್ಳೆಯದು ಮತ್ತೊಂದಿಲ್ಲ.

ಊರಸಿಸ್ಟರ್ (ಅರಸೀಕೆರೆ ಕಡೆ, ಆರೋಗ್ಯ ಕೇಂದ್ರದಲ್ಲಿ ಕೆಲಸ)

ಮಲ್ಲಿಗೆ ಅವರೇ, ನಮ್ಮ ಕೇಂದ್ರಕ್ಕೆ ಬರುವವರಲ್ಲಿ ತುಂಬಾ ಜನ ಇದೇ ಮಾತು ಕೇಳುತ್ತಾರೆ.

ಎಚ್‌ಸಿಜಿ ಅನ್ನುವ ಹಾರ್ಮೋನ್ 9-10ನೇ ವಾರದ ಸುಮಾರಿಗೆ ತುಂಬಾ ಏರಿರುತ್ತದೆ. ವಾಂತಿಗೂ ಅದಕ್ಕೂ ನಂಟಿದೆ. ಆಮೇಲೆ ಅದು ಇಳಿಯುತ್ತಾ ಬರುತ್ತದೆ. ಅಷ್ಟರಲ್ಲಿ ಮಾಸು ಬೆಳೆದು ಮಗುವಿಗೆ ಬೇಕಾದದ್ದನ್ನು ನೋಡಿಕೊಳ್ಳುತ್ತದೆ. ಅದಕ್ಕೇ 12ರಿಂದ 16ನೇ ವಾರದ ಒಳಗೆ ಹೆಚ್ಚಿನವರಿಗೆ ವಾಂತಿ ನಿಲ್ಲುತ್ತದೆ. ಕೆಲವರಿಗೆ 20ರವರೆಗೂ ಇರುತ್ತದೆ. ಎರಡೂ ಆಗುವಂಥದ್ದೇ.

ಹೊಟ್ಟೆ ಕಾಣದಿದ್ದರೂ ನಮ್ಮ ಕೈಗೆ ಗೊತ್ತಾಗುತ್ತದೆ. ತಾಯಿಯನ್ನು ಅಂಗಾತ ಮಲಗಿಸಿ ಅಂಗೈಯ ಅಂಚಿನಿಂದ ಮೇಲಿಂದ ಕೆಳಕ್ಕೆ ಮೆಲ್ಲಗೆ ಒತ್ತುತ್ತಾ ಬರುತ್ತೇವೆ. ಒಂದು ಕಡೆ ಗಟ್ಟಿಯಾಗಿ ತಡೆಯುತ್ತದೆ. ಅದೇ ಗರ್ಭಕೋಶದ ತುದಿ. 12ನೇ ವಾರಕ್ಕೆ ಅದು ಕಿಬ್ಬೊಟ್ಟೆಯ ಮೂಳೆಯ ಮೇಲೆ ಆಗತಾನೇ ಸಿಗುತ್ತದೆ. 16ಕ್ಕೆ ಆ ಮೂಳೆಗೂ ಹೊಕ್ಕುಳಿಗೂ ನಡುವೆ ಬರುತ್ತದೆ. 20ಕ್ಕೆ ಹೊಕ್ಕುಳ ಹತ್ತಿರ. ನಾನು ಪರೀಕ್ಷೆ ಮಾಡುವಾಗ ತಾಯಿಯ ಕೈಯನ್ನೂ ಅಲ್ಲಿಟ್ಟು ತೋರಿಸುತ್ತೇನೆ. ಅಷ್ಟಕ್ಕೇ ಎಷ್ಟೋ ಜನರ ಮುಖ ಅರಳುತ್ತದೆ. ನೀವೂ ಕೇಳಿ, ತೋರಿಸುತ್ತಾರೆ.

ನಾಲ್ಕು ವಾರ ಸುಮ್ನೆ ಕಾಯಬೇಕಾಗಿಲ್ಲ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಉಚಿತವಾಗಿ ನೋಡುತ್ತಾರೆ. 2016ರಿಂದ ನಡೆಯುತ್ತಿದೆ. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ, ಡಾಪ್ಲರ್ ಹಿಡಿದು ಮಗುವಿನ ಎದೆಬಡಿತ ಕೇಳಿಸಿ ಅನ್ನಿ. ನಿಮಿಷಕ್ಕೆ 110ರಿಂದ 160 ಇದ್ದರೆ ಸರಿ. ಕುದುರೆ ಓಡಿದ ಹಾಗೆ ಕೇಳುತ್ತದೆ. ಆನ್‌ಲೈನಲ್ಲಿ ಡಾಪ್ಲರ್ ತರಿಸಿ ಮನೆಯಲ್ಲಿ ಹಿಡಿಯುವುದು ಬೇಡ. ಎಷ್ಟೋ ಸಲ ಅದು ತಾಯಿಯ ನಾಡಿಯನ್ನೇ ಹಿಡಿದಿರುತ್ತದೆ. ಸಿಕ್ಕಿದರೆ ಸುಳ್ಳು ಧೈರ್ಯ, ಸಿಗದಿದ್ದರೆ ಸುಳ್ಳು ಭಯ.

ಕಡಲಮಗಳು (ಉಡುಪಿ, 18ನೇ ವಾರ)

ನಾನು ಬೇರೆ ಒಂದು ವಿಷಯ ಹೇಳಬೇಕು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ.

ವಾಂತಿ ನಿಂತ ಮೇಲೆ ನನಗೆ ಹಸಿ ಅಕ್ಕಿ ತಿನ್ನುವ ಆಸೆ ಶುರುವಾಯಿತು. ಡಬ್ಬದ ಮುಚ್ಚಳ ತೆಗೆದು ಒಂದು ಹಿಡಿ ಕುಚ್ಚಲಕ್ಕಿ ಬಾಯಿಗೆ ಹಾಕಿಕೊಂಡರೆ ಆಹಾ ಅನಿಸುತ್ತಿತ್ತು. ದಿನಕ್ಕೆ ಒಂದು ಲೋಟದಷ್ಟು ಜಗಿಯುತ್ತಿದ್ದೆ ಮಾರಾಯ್ರೆ. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುವ ಹಾಗೆ ಇದೂ ಬಸುರಿ ಬಯಕೆ ಅಂತಲೇ ಅಂದುಕೊಂಡಿದ್ದೆ. ಅತ್ತಿಗೆ ನೋಡಿ, ಡಾಕ್ಟರಿಗೆ ಹೇಳು ಅಂದರು. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 8.9. ಬಸುರಿಯರಿಗೆ 11 ಇರಬೇಕಂತೆ. ಅಕ್ಕಿ, ಮಣ್ಣು, ಬಳಪ, ಐಸ್ ಹೀಗೆ ತಿನ್ನಬೇಕು ಅನಿಸಿದರೆ ರಕ್ತ ಕಡಿಮೆ ಇರುವ ಸೂಚನೆ ಇರಬಹುದು ಅಂತ ಡಾಕ್ಟರು ಹೇಳಿದರು.

ದಯವಿಟ್ಟು ಯಾರಿಗಾದರೂ ಹೀಗೆ ಅನಿಸುತ್ತಿದ್ದರೆ ಮುಚ್ಚಿಡಬೇಡಿ.

ನಾನು ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಲೇ ಇದ್ದೆ. ಆದರೆ ತಿಂಡಿ ಆದ ಮೇಲೆ ಚಹಾದ ಜೊತೆ. ಅದರ ಹಿಂದೆಯೇ ಕ್ಯಾಲ್ಸಿಯಂ ಮಾತ್ರೆ. ಚಹಾ, ಕಾಫಿ, ಕ್ಯಾಲ್ಸಿಯಂ ಮೂರೂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ ಅಂತ ಗೊತ್ತೇ ಇರಲಿಲ್ಲ. ಈಗ ನಿಂಬೆ ಶರಬತ್ತಿನ ಜೊತೆ ಕಬ್ಬಿಣ, ಎರಡು ಗಂಟೆ ಬಿಟ್ಟು ಕ್ಯಾಲ್ಸಿಯಂ. ಡಾಕ್ಟರು ಮಾತ್ರೆಯ ಪ್ರಮಾಣವನ್ನೂ ಹೆಚ್ಚಿಸಿದ್ದಾರೆ. ನಾಲ್ಕು ವಾರಕ್ಕೆ 10.1 ಬಂತು. ಅಕ್ಕಿ ಡಬ್ಬ ಈಗ ನೆನಪೂ ಆಗುವುದಿಲ್ಲ.

ಊರಸಿಸ್ಟರ್

ಕಡಲಮಗಳು, ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ಸರ್ಕಾರದಿಂದ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಕಡಿಮೆ ಅಂದರೂ 180 ದಿನ. ರಕ್ತ ಕಡಿಮೆ ಇದ್ದವರಿಗೆ ಡಾಕ್ಟರು ಜಾಸ್ತಿ ಕೊಡುತ್ತಾರೆ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಮಲಬದ್ಧತೆ ಆದರೆ ಮಾತ್ರೆ ಬಿಡುವ ಬದಲು ನೀರು, ಸೊಪ್ಪು, ಹಣ್ಣು ಜಾಸ್ತಿ ಮಾಡಿ, ನಮಗೂ ಹೇಳಿ. ಮನೆಮನೆಗೆ ಹೋದಾಗ ಮಂಚದ ಕೆಳಗೆ ಒಡೆಯದ ಮಾತ್ರೆಯ ಹಾಳೆಗಳು ಸಿಕ್ಕಿದಾಗ ಹೊಟ್ಟೆ ಉರಿಯುತ್ತದೆ. ಆ ಹುಡುಗಿಯರ ಮೇಲೆ ಸಿಟ್ಟಲ್ಲ. ಹೇಗೆ ನುಂಗಬೇಕು, ಯಾವಾಗ ನುಂಗಬೇಕು ಅಂತ ಯಾರೂ ಕೂತು ಹೇಳಿರುವುದಿಲ್ಲವಲ್ಲ, ಅದಕ್ಕೆ.

ಜಂತುಹುಳುವಿನ ಮಾತ್ರೆಯೂ ಮೂರು ತಿಂಗಳು ದಾಟಿದ ಮೇಲೆ ಒಂದು ಸಲ ಕೊಡುತ್ತಾರೆ. ಧನುರ್ವಾಯು, ಗಂಟಲಮಾರಿ ಬರದಂತೆ ಕೊಡುವ ಟಿಡಿ ಚುಚ್ಚುಮದ್ದು ಆಗಿದೆಯಾ ಕಾರ್ಡಿನಲ್ಲಿ ನೋಡಿಕೊಳ್ಳಿ.

ಮೆಟ್ರೋಪಯಣ (ಬೆಂಗಳೂರು, 16ನೇ ವಾರ)

ನನಗೆ ಹೊಟ್ಟೆ ಕಾಣದಿರುವುದೇ ಕಷ್ಟವಾಗಿದೆ. ತಲೆ ತಿರುಗುತ್ತದೆ, ನಿಲ್ಲಲು ಆಗುವುದಿಲ್ಲ. ಆದರೆ ನೋಡಿದವರಿಗೆ ನಾನು ಬಸುರಿ ಅಂತ ಗೊತ್ತಾಗಲ್ಲ. ಹೇಗೆ ಸೀಟು ಕೇಳಲಿ? ಮೊನ್ನೆ ಮೆಟ್ರೋದಲ್ಲಿ ಕಂಬ ಹಿಡಿದು ನಿಂತಿದ್ದೆ, ಕಣ್ಣು ಕತ್ತಲೆ ಬಂತು. ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಅಜ್ಜಿ ನನ್ನ ಮುಖ ನೋಡಿ, 'ಎಷ್ಟು ತಿಂಗಳವ್ವ?' ಅಂತ ಕೇಳಿ ಎದ್ದು ಜಾಗ ಕೊಟ್ಟರು. ಅಲ್ಲೇ ಕಣ್ಣಲ್ಲಿ ನೀರು ಬಂತು.

ಆಫೀಸಿನಲ್ಲಿ ಹೋದ ವಾರ ಹೇಳಿದೆ. ಮ್ಯಾನೇಜರ್ ಮೊದಲು ಕೇಳಿದ್ದೇ 'ಪ್ರಾಜೆಕ್ಟ್ ಏನಾಗುತ್ತೆ?' ಅಂತ. ಅಭಿನಂದನೆ ಅಂತ ಒಂದು ಮಾತೂ ಬರಲಿಲ್ಲ. ಆಮೇಲೆ ಎಚ್‌ಆರ್‌ನಲ್ಲಿ ಮೂರು ತಿಂಗಳ ರಜೆ ಸಿಗಬಹುದು ಅಂದರು. ನಾನು ಓದಿಕೊಂಡು ಹೋಗಿದ್ದೆ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಕಾನೂನಿನಲ್ಲೇ ಇದೆ. 12 ವಾರ ಇದ್ದದ್ದನ್ನು 2017ರಲ್ಲೇ 26 ಮಾಡಿದ್ದಾರೆ. ಅದರಲ್ಲಿ ಹೆರಿಗೆಗೆ ಮುಂಚೆ 8 ವಾರದವರೆಗೆ ತೆಗೆದುಕೊಳ್ಳಬಹುದು. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಇದನ್ನೆಲ್ಲ ಮೇಲ್‌ನಲ್ಲಿ ಬರೆದು ಕಳಿಸಿದೆ. ಎರಡು ದಿನಕ್ಕೆ 'ಸರಿ' ಅಂತ ಉತ್ತರ ಬಂತು. ಕೆಲಸಕ್ಕೆ ಹೋಗುವವರು ದಯವಿಟ್ಟು ಬಾಯಿಮಾತಿಗೆ ಬಿಡಬೇಡಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಇನ್ನೊಂದು ಕೇಳಬೇಕಿತ್ತು. ಸೀನಿದಾಗ, ತಟ್ಟನೆ ಎದ್ದಾಗ ಕಿಬ್ಬೊಟ್ಟೆಯ ಪಕ್ಕದಲ್ಲಿ ಚಳುಕು ಹಿಡಿದಂತೆ ಆಗುತ್ತದೆ. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ನಿಮಗೂ ಇದೆಯಾ?

ಶೇಂಗಾಉಂಡಿ

ಎರಡೂ ಇತ್ತು. ಗರ್ಭಕೋಶ ದೊಡ್ಡದಾದಂತೆ ಅದನ್ನು ಹಿಡಿದಿರುವ ಪಟ್ಟಿ ಜಗ್ಗುತ್ತದೆ, ಅದಕ್ಕೇ ಚಳುಕು ಅಂತ ಡಾಕ್ಟರು ಹೇಳಿದ್ದರು. ಪಕ್ಕಕ್ಕೆ ಹೊರಳಿ, ಕೈ ಊರಿ ಮೆಲ್ಲಗೆ ಏಳಿ. ವಸಡಿಗೆ ಮೆತ್ತನೆಯ ಬ್ರಷ್ ತಗೊಳ್ಳಿರಿ. ಮೂಗಿನಲ್ಲೂ ಒಮ್ಮೊಮ್ಮೆ ರಕ್ತ ಬರುತ್ತಿತ್ತು ನನಗೆ.

ಇಸಾರ್‌ದಂಡೆ (ಮ್ಯೂನಿಕ್, 17ನೇ ವಾರ)

ನಾನು ಚಿಕ್ಕಮಗಳೂರಿನವಳು. ಮದುವೆಯಾಗಿ ಜರ್ಮನಿಗೆ ಬಂದು ಎರಡು ವರ್ಷ. ಇಲ್ಲಿ ತಾಯಿ ಕಾರ್ಡಿನ ಹಾಗೆ ಮುಟ್ಟರ್‌ಪಾಸ್ ಅಂತ ಒಂದು ಪುಟ್ಟ ಪುಸ್ತಕ ಕೊಡುತ್ತಾರೆ. ಎಲ್ಲಿ ಹೋದರೂ ಚೀಲದಲ್ಲಿ ಇರಬೇಕು. ಇನ್ಶೂರೆನ್ಸ್ ಕಡೆಯಿಂದ ಇಡೀ ಬಸಿರಿಗೆ ಮೂರೇ ಸ್ಕ್ಯಾನ್. ಅದರಲ್ಲಿ ಎರಡನೆಯದು 19ರಿಂದ 22ನೇ ವಾರದ ಒಳಗೆ. ಹಾಗಾಗಿ ಈ ನಡುವಿನ ಕಾಯುವಿಕೆ ಇಲ್ಲಿಯೂ ಅದೇ, ಮಲ್ಲಿಗೆ ಅವರೇ.

ಇಲ್ಲಿ ನನಗೆ ಹಿಡಿಸಿದ್ದು ಹೆಬಾಮೆ, ಅಂದರೆ ಸೂಲಗಿತ್ತಿ. ಓದಿ ತರಬೇತಿ ಪಡೆದವರು. ಮನೆಗೇ ಬರುತ್ತಾರೆ, ಹೆರಿಗೆ ಆದ ಮೇಲೂ ಬಂದು ನೋಡುತ್ತಾರೆ, ಇನ್ಶೂರೆನ್ಸೇ ದುಡ್ಡು ಕೊಡುತ್ತದೆ. ನನ್ನ ಹೆಬಾಮೆ ಮೊದಲ ದಿನ ಬಂದವರು ಒಂದು ಗಂಟೆ ಕೂತರು. ತೂಕ, ಬಿಪಿ ಆಮೇಲೆ. ಮೊದಲು ಕೇಳಿದ್ದು 'ರಾತ್ರಿ ನಿದ್ದೆ ಬರುತ್ತಾ? ಮಾತಾಡಲು ಯಾರಿದ್ದಾರೆ?' ಅಂತ. ನನಗೆ ಇಲ್ಲಿ ಮಾತಾಡಲು ಯಾರೂ ಇಲ್ಲ ಅಂತ ಆಗಲೇ ಗೊತ್ತಾಗಿದ್ದು.

ಬಾಣಂತನಕ್ಕೆ ಅಮ್ಮ ಬರುವ ವೀಸಾ ಆಗುತ್ತದೋ ಇಲ್ಲವೋ ಅನ್ನುವ ಚಿಂತೆ ಬೇರೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಮ್ಮ ಅಪ್ಪೆಮಿಡಿ ಜಾಡಿ ತೆರೆದು ತೋರಿಸಿದರು. ವಾಸನೆ ಬಂದಂತೆ ಆಯಿತು. ನಿಜವಾಗಿ ಬಾಯಲ್ಲಿ ನೀರು ಬಂತು, ಕಣ್ಣಲ್ಲೂ ಬಂತು.

ಮೆಟ್ರೋಪಯಣ

ಇಸಾರ್‌ದಂಡೆ ಅವರೇ, ನಿಮಗೂ ನನಗೂ ಒಂದೇ ವಾರದ ಅಂತರ. ನಿಮಗೆ ಬೇಕಾದಾಗ ನನಗೆ ಮೆಸೇಜ್ ಮಾಡಿ. ನಾಲ್ಕೂವರೆಗೆ ಎಚ್ಚರವಾದರೆ ನನಗೆ ಮತ್ತೆ ನಿದ್ದೆ ಬರುವುದಿಲ್ಲ. ನಿಮಗಾಗ ಮಲಗುವ ಹೊತ್ತು ಇರುತ್ತದೆ.

ಗುಬ್ಬಚ್ಚಿಗೂಡು (ಮೈಸೂರು, 14ನೇ ವಾರ)

ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಯಾರನ್ನೂ ಹೆದರಿಸಲು ಬರೆಯುತ್ತಿಲ್ಲ.

ಮೂರು ತಿಂಗಳು ದಾಟಿದರೆ ಭಯ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೆಚ್ಚಿನವರಿಗೆ ಅದು ನಿಜವೇ. ನನಗೆ ಆಗಲಿಲ್ಲ. ಎರಡು ವರ್ಷದ ಹಿಂದೆ 17 ವಾರ 2 ದಿನಕ್ಕೆ ನನ್ನ ಮಗು ಹೋಯಿತು. ಮಗುವಿನಲ್ಲಿ ಏನೂ ತೊಂದರೆ ಇರಲಿಲ್ಲ. ಗರ್ಭಕೋಶದ ಬಾಯಿ ನೋವಿಲ್ಲದೆ ತೆರೆದುಕೊಂಡಿತ್ತು. ಎರಡು ದಿನ ಮೊದಲು ಸೊಂಟದಲ್ಲಿ ಒಂದು ತರಹದ ಸೆಳೆತ ಇತ್ತು. ಕೆಳಗೆ ಭಾರ ಜಗ್ಗಿದಂತೆ ಅನಿಸುತ್ತಿತ್ತು. ಬಿಳಿಸೆರಗು ನೀರಿನಂತೆ ಜಾಸ್ತಿ ಹೋಗುತ್ತಿತ್ತು. ಕೇಳಿದವರೆಲ್ಲ 'ಬಸುರಿಯರಿಗೆ ಇದೆಲ್ಲ ಇದ್ದದ್ದೇ, ಭಯಪಡಬೇಡ' ಅಂದರು. ನಾನೂ ಸುಮ್ಮನಾದೆ.

ನನಗೆ ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹೇಳಿದವರದ್ದು ಕೆಟ್ಟ ಮನಸ್ಸಲ್ಲ, ಗೊತ್ತು. ಆದರೆ ಭಯಪಡಬೇಡ ಅನ್ನುವ ಬದಲು 'ನಡಿ, ತೋರಿಸಿಕೊಂಡು ಬರೋಣ' ಅಂತ ಒಬ್ಬರಾದರೂ ಹೇಳಿದ್ದರೆ ಅಂತ ಅನಿಸುತ್ತದೆ.

ಈ ಸಲ ಮೊದಲೇ ಎಲ್ಲ ಹೇಳಿದ್ದೆ. ಹೋದ ವಾರ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದಾರೆ. 37ನೇ ವಾರದ ಹತ್ತಿರ ಬಿಚ್ಚುತ್ತಾರಂತೆ. ಎರಡು ವಾರಕ್ಕೊಮ್ಮೆ ಸ್ಕ್ಯಾನಿನಲ್ಲಿ ಬಾಯಿಯ ಉದ್ದ ಅಳೆಯುತ್ತಾರೆ. ಮಲ್ಲಿಗೆ, ವಾಂತಿ ನಿಂತದ್ದಕ್ಕೆ ಹೆದರಬೇಡಿ. ಆದರೆ ನಿಮ್ಮ ಮನಸ್ಸಿಗೆ ಏನೋ ಸರಿ ಇಲ್ಲ ಅನಿಸಿದರೆ ಹತ್ತು ಸಲ ಬೇಕಾದರೂ ಆಸ್ಪತ್ರೆಗೆ ಹೋಗಿ. ಏನೂ ಇಲ್ಲ ಅಂತ ವಾಪಸ್ ಕಳಿಸಿದರೆ ಅದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ?

ಊರಸಿಸ್ಟರ್

ಗುಬ್ಬಚ್ಚಿ, ನೀವು ಹೇಳಿದ್ದು ಸರಿ. ನಾನು ಮೇಲೆ ಬರೆದಾಗಲೇ ಇದನ್ನೂ ಸೇರಿಸಬೇಕಿತ್ತು. ರಕ್ತ ಕಂಡರೆ, ನೀರು ಹೋದರೆ, ಬಿಟ್ಟು ಬಿಟ್ಟು ಹೊಟ್ಟೆ ಬಿಗಿದು ನೋವು ಬಂದರೆ, ಕೆಳಗೆ ಭಾರ ಅನಿಸಿದರೆ, ಜ್ವರ ಇದ್ದರೆ, ಉಚ್ಚೆ ಉರಿದರೆ ಬೆಳಗಾಗಲಿ ಅಂತ ಕಾಯಬೇಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಹಿಂದೆ ಈ ತಿಂಗಳುಗಳಲ್ಲಿ ಕಳೆದುಕೊಂಡವರು ಮೊದಲ ಭೇಟಿಯಲ್ಲೇ ಅದನ್ನು ಹೇಳಿ, ಕಾರ್ಡಿನಲ್ಲಿ ಬರೆಸಿ. ಮನಸ್ಸು ತೀರಾ ಕುಗ್ಗಿದರೆ 14416 ಅನ್ನುವ ಟೆಲಿ ಮಾನಸ್ ನಂಬರ್ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕಡಲಮಗಳು

ಗುಬ್ಬಚ್ಚಿಗೂಡು ಅಕ್ಕ, ನಿಮ್ಮನ್ನು ದಿನಾ ನೆನೆಯುತ್ತೇನೆ. ನಿಮ್ಮದನ್ನು ಓದಿದ ಮೇಲೆ ನನ್ನ ಗಂಡನಿಗೂ ಓದಲು ಕೊಟ್ಟೆ.

ಹೊಸಬೆಳಕು (ಮಂಡ್ಯ, 17ನೇ ವಾರ)

ನಮ್ಮ ಮನೆಯಲ್ಲಿ ಈಗಲೇ ಹೊಟ್ಟೆ ನೋಡಿ ಗಂಡೋ ಹೆಣ್ಣೋ ಅಂತ ಶುರು ಮಾಡಿದ್ದಾರೆ. ಚೂಪಗಿದ್ದರೆ ಗಂಡಂತೆ. ಹುಳಿ ಬೇಡಿದರೆ ಒಂದು, ಸಿಹಿ ಬೇಡಿದರೆ ಇನ್ನೊಂದು. ನನಗೆ ಈಗಾಗಲೇ ಒಬ್ಬಳು ಮಗಳಿದ್ದಾಳೆ, ನಾಲ್ಕು ವರ್ಷ. ಅವಳ ಎದುರಿಗೇ 'ಈ ಸಲ ಗಂಡಾಗಲಿ' ಅಂತ ಹರಸುತ್ತಾರೆ. ರಾತ್ರಿ ಅವಳು 'ಅಮ್ಮ, ತಂಗಿ ಆದರೆ ಬೈತಾರಾ?' ಅಂತ ಕೇಳಿದಳು. ಆ ಮಾತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಯಾರೋ ದೂರದ ನೆಂಟರು ಸ್ಕ್ಯಾನಿನಲ್ಲಿ ಹೇಳಿಸಬಹುದು ಅಂದರು. ಅದು 1994ರ ಕಾಯ್ದೆ ಪ್ರಕಾರ ಕಾನೂನುಬಾಹಿರ, ಕೇಳುವುದೂ ಹೇಳುವುದೂ ಎರಡೂ ತಪ್ಪು ಅಂದೆ. ಮನೆ ತಣ್ಣಗಾಯಿತು. ನನ್ನ ಗಂಡ ಆಗ ಬಾಯಿ ಬಿಟ್ಟು, 'ಇನ್ನು ಈ ಮನೆಯಲ್ಲಿ ಆ ಮಾತು ಬೇಡ' ಅಂದರು. ಅಷ್ಟು ಸಾಕಿತ್ತು ನನಗೆ.

ಮಲ್ಲಿಗೆಬಳ್ಳಿ (16ನೇ ವಾರ)

9ನೇ ತಾರೀಖು ಹೋಗಿದ್ದೆ. ಅತ್ತೆಯೂ ಬಂದಿದ್ದರು. ಸಾಲು ದೊಡ್ಡದಿತ್ತು, ಎರಡೂವರೆ ಗಂಟೆ ಕಾದೆವು. ಸಿಸ್ಟರ್ ಹೊಟ್ಟೆಗೆ ಜೆಲ್ ಹಚ್ಚಿ ಡಾಪ್ಲರ್ ಇಟ್ಟರು. ಮೊದಲು ಬರೀ ಗಾಳಿ ಬೀಸಿದ ಸದ್ದು. ಅಲ್ಲಿಂದ ಇಲ್ಲಿ, ಇಲ್ಲಿಂದ ಅಲ್ಲಿ ಸರಿಸಿದರು. ನನ್ನ ಕೈ ತಣ್ಣಗಾಗಿ ಹೋಯಿತು. ಕಿಬ್ಬೊಟ್ಟೆಯ ಎಡಗಡೆ, ತುಂಬಾ ಕೆಳಗೆ ಸಿಕ್ಕಿತು. ಗುಡುಗುಡು ಅಂತ ಓಡುತ್ತಿತ್ತು. 148.

ಕಾರ್ಡಿನಲ್ಲಿ ಆ ನಂಬರು ಬರೆದಿದ್ದಾರೆ. ರಾತ್ರಿ ಎಚ್ಚರವಾದಾಗ ಹೊಟ್ಟೆ ಮುಟ್ಟಿಕೊಳ್ಳುವುದಿಲ್ಲ ಈಗ, ಕಾರ್ಡ್ ತೆಗೆದು ನೋಡುತ್ತೇನೆ. ಗರ್ಭಕೋಶದ ತುದಿ ಎಲ್ಲಿದೆ ಅಂತಲೂ ಕೇಳಿದೆ. ಕೈ ಹಿಡಿದು ತೋರಿಸಿದರು.

ಮಲ್ಲಿಗೆಬಳ್ಳಿ (19ನೇ ವಾರ)

ಸ್ಕ್ಯಾನ್ ಆಯಿತು. ತಲೆ, ಬೆನ್ನುಮೂಳೆ, ಹೃದಯದ ನಾಲ್ಕು ಕೋಣೆ, ಮೂತ್ರಪಿಂಡ ಒಂದೊಂದನ್ನೂ ನೋಡಿದರು. ಎಲ್ಲ ಸರಿಯಾಗಿದೆ. ಮಗು ಕೈ ಮುಖಕ್ಕೆ ಅಡ್ಡ ಹಿಡಿದಿತ್ತು. ಡಾಕ್ಟರು ಹೊರಗೆ ಹೋಗಿ ಏನಾದರೂ ತಿಂದು ಸ್ವಲ್ಪ ನಡೆದು ಬನ್ನಿ ಅಂದರು. ಬಾಳೆಹಣ್ಣು ತಿಂದು ಹತ್ತು ನಿಮಿಷ ಓಡಾಡಿ ಬಂದೆ. ಕೈ ತೆಗೆದಿತ್ತು.

ನನಗಿನ್ನೂ ಮಿಸುಕು ಗೊತ್ತಾಗಿಲ್ಲ. ಮಾಸು ಮುಂಭಾಗದಲ್ಲಿದೆಯಂತೆ. ಮಗುವಿಗೂ ಹೊಟ್ಟೆಯ ಗೋಡೆಗೂ ನಡುವೆ ದಿಂಬು ಇಟ್ಟ ಹಾಗೆ, ಹಾಗಾಗಿ ತಡವಾಗಿ ಗೊತ್ತಾಗುತ್ತದೆ ಅಂದರು. ಪರದೆಯ ಮೇಲೆ ಮಗು ಕಾಲು ಚಾಚಿ ಮಡಿಸುತ್ತಿತ್ತು, ನನಗೆ ಒಳಗೆ ಏನೂ ತಿಳಿಯುತ್ತಿರಲಿಲ್ಲ. 22 ದಾಟಿದರೂ ಗೊತ್ತಾಗದಿದ್ದರೆ ಬನ್ನಿ ಅಂದಿದ್ದಾರೆ. ಇಷ್ಟು ದಿನ ಅದು ನನ್ನ ಅರಿವಿಗೆ ಬಾರದೆ ಒಳಗೆ ಆಡುತ್ತಲೇ ಇತ್ತು ಅಂತ ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ.

ಗುಬ್ಬಚ್ಚಿಗೂಡು, ಹೇಗಿದ್ದೀರಿ? ದಿನಾ ಬಂದು ನೋಡುತ್ತೇನೆ, ನೀವು ಬರೆದಿಲ್ಲ.

ಗುಬ್ಬಚ್ಚಿಗೂಡು (18ನೇ ವಾರ)

ಇದ್ದೇನೆ. 17ನೇ ವಾರ ಮುಗಿಯುವವರೆಗೆ ಬರೆಯಲು ಧೈರ್ಯ ಬರಲಿಲ್ಲ. ಕ್ಷಮಿಸಿ.

ನಿನ್ನೆ ಅಳೆದರು. ಹೊಲಿಗೆ ಗಟ್ಟಿಯಾಗಿದೆ, ಬಾಯಿಯ ಉದ್ದ 3.2 ಸೆಂಟಿಮೀಟರ್ ಇದೆ. ಇವತ್ತಿಗೆ 18 ವಾರ 3 ದಿನ. ಬೆಳಗ್ಗೆ ಅಮ್ಮ ಕ್ಯಾಲೆಂಡರಿನಲ್ಲಿ ಇವತ್ತಿನ ಮನೆಗೆ ಅರಿಶಿನ ಹಚ್ಚಿದ್ದಾರೆ. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.